ಕೆಂಪು ಮರಳುಗಲ್ಲು ಮತ್ತು ಸೃಷ್ಟಿಯ ಕಾಲ

ಸ್ಕಾಟ್ಲೆಂಡಿನ ‘ಓಲ್ಡ್ ರೆಡ್ ಸ್ಯಾಂಡ್‌ಸ್ಟೋನ್’ ಎಂಬ ಪದರಶಿಲೆಯ ಬಹುಭಾಗ ಡೆವೋನಿಯನ್ ಕಾಲದ್ದು. ಸುಮಾರು 42ರಿಂದ 36 ಕೋಟಿ ವರ್ಷ ಹಳೆಯದು. ಆಗ ಆ ನೆಲ ಭೂಮಧ್ಯರೇಖೆಯ ದಕ್ಷಿಣಕ್ಕಿತ್ತು. ಪರ್ವತಗಳು ಸವೆದು, ನದಿಗಳು ಹೊತ್ತು ತಂದ ಮರಳು ಬಯಲಲ್ಲೂ ಸರೋವರಗಳಲ್ಲೂ ಪದರಪದರವಾಗಿ ಕೂತು ಗಟ್ಟಿಯಾಯಿತು. ಕಣಗಳಿಗೆ ಮೆತ್ತಿಕೊಂಡ ಕಬ್ಬಿಣದ ಆಕ್ಸೈಡಿನಿಂದ ಅದಕ್ಕೆ ಕೆಂಪು ಬಣ್ಣ ಬಂತು.

ಈ ಕಲ್ಲು ಕ್ರೈಸ್ತ ಚಿಂತನೆಯ ಮುಂದೆ ಎರಡು ಪ್ರಶ್ನೆಗಳನ್ನಿಟ್ಟಿತು. ಮೊದಲನೆಯದು ಕಾಲದ ಪ್ರಶ್ನೆ. 17ನೆಯ ಶತಮಾನದಲ್ಲಿ ಆರ್ಚ್‌ಬಿಷಪ್ ಜೇಮ್ಸ್ ಅಷರ್ ಬೈಬಲಿನ ವಂಶಾವಳಿಗಳನ್ನು ಲೆಕ್ಕಹಾಕಿ, ಸೃಷ್ಟಿ ನಡೆದದ್ದು ಕ್ರಿ.ಪೂ. 4004ರಲ್ಲಿ ಎಂದಿದ್ದರು. 1788ರಲ್ಲಿ ಭೂವಿಜ್ಞಾನಿ ಜೇಮ್ಸ್ ಹಟನ್ ಸ್ಕಾಟ್ಲೆಂಡಿನ ಸಿಕ್ಕರ್ ಪಾಯಿಂಟ್ ಎಂಬ ಕಡಲತಡಿಗೆ ಹೋದರು. ಅಲ್ಲಿ ಕೆಳಗೆ ಬೂದು ಪದರಗಳು ಹೆಚ್ಚುಕಡಿಮೆ ನೆಟ್ಟಗೆ ನಿಂತಿವೆ. ಅವುಗಳ ಸವೆದ ತುದಿಗಳ ಮೇಲೆ ಕೆಂಪು ಮರಳುಗಲ್ಲು ತುಸು ಓರೆಯಾಗಿ ಮಲಗಿದೆ. ಕಡಲಡಿಯ ಕೆಸರು ಕಲ್ಲಾಗಿ, ಮಡಿಚಿ, ಮೇಲೆದ್ದು, ಸವೆದ ಬಳಿಕವೇ ಹೊಸ ಮರಳು ಅಲ್ಲಿ ಕೂರಬೇಕು. ಇಷ್ಟಕ್ಕೆಲ್ಲ ಆರು ಸಾವಿರ ವರ್ಷ ಸಾಲದು. ಹಟನ್ ಇದರಿಂದ ದೇವರನ್ನು ಅಲ್ಲಗಳೆಯಲಿಲ್ಲ. ಸವೆದು ಮತ್ತೆ ರೂಪುಗೊಳ್ಳುವ ಭೂಮಿಯಲ್ಲಿ ಜೀವಿಗಳ ಹಿತ ಕಾಯುವ ಏರ್ಪಾಟನ್ನೇ ಕಂಡರು. ಬೈಬಲ್ ಹೇಳುವ ಸೃಷ್ಟಿಯ ದಿನಗಳು ನಮ್ಮ ದಿನಗಳಂಥವಲ್ಲ ಎಂಬ ವಿಚಾರವೂ ಹೊಸದಲ್ಲ. ಸಂತ ಆಗಸ್ಟೀನ್ ಅದನ್ನು 5ನೆಯ ಶತಮಾನದಲ್ಲೇ ಚರ್ಚಿಸಿದ್ದರು.

ಎರಡನೆಯದು ಸಾವಿನ ಪ್ರಶ್ನೆ. ಇದು ಇನ್ನೂ ಕಠಿಣ. ಸ್ಕಾಟ್ಲೆಂಡಿನ ಕ್ರೋಮಾರ್ಟಿ ಊರಿನ ಕಲ್ಲುಕುಟಿಗ ಹ್ಯೂ ಮಿಲ್ಲರ್ ದೃಢ ದೈವಭಕ್ತರು. ಅವರು ಸುಣ್ಣದ ಗಂಟುಕಲ್ಲುಗಳನ್ನು ಒಡೆದು, ಎಲುಬಿನ ಫಲಕಗಳನ್ನು ಹೊದ್ದ ಮೀನುಗಳ ಪಳೆಯುಳಿಕೆಗಳನ್ನು ಹೊರತೆಗೆದರು. 1841ರಲ್ಲಿ ಈ ಶಿಲೆಯ ಹೆಸರಿನಲ್ಲೇ ಪುಸ್ತಕ ತಂದರು. ಹಲವು ಮೀನುಗಳ ಮೈ ತಿರುಚಿಕೊಂಡಿತ್ತು. ಅವು ಹಿಂಡುಹಿಂಡಾಗಿ ಒಮ್ಮೆಗೇ ಸತ್ತಿರಬೇಕೆಂದು ಮಿಲ್ಲರ್ ಬರೆದರು. ಆದಾಮನ ಪಾಪದಿಂದಲೇ ಸಕಲ ಜೀವಿಗಳಿಗೂ ಸಾವು ಬಂತು ಎನ್ನುವುದಾದರೆ, ಮನುಷ್ಯನೇ ಇಲ್ಲದ ಕಾಲದಲ್ಲಿ ಇವು ಸತ್ತದ್ದು ಹೇಗೆ? ಪಾಪದಿಂದ ಸಾವು ಬಂತೆಂಬ ಮಾತು ಮನುಷ್ಯರ ಸಾವಿಗೆ ಮಾತ್ರ ಸಂಬಂಧಿಸಿದ್ದು ಎಂದು ಹಲವು ಧರ್ಮಪಂಡಿತರು ಅರ್ಥೈಸಿದರು.

ಮಿಲ್ಲರ್ ಸೃಷ್ಟಿಯ ದಿನಗಳನ್ನು ದೀರ್ಘ ಯುಗಗಳೆಂದು ತಿಳಿದು ಗ್ರಂಥವನ್ನೂ ಶಿಲೆಯನ್ನೂ ಹೊಂದಿಸಲು ಯತ್ನಿಸಿದರು. ಆ ಹೊಂದಾಣಿಕೆ ನಿಲ್ಲಲಿಲ್ಲ. ಬೈಬಲಿನ ಆದಿಕಾಂಡದಲ್ಲಿ ಹಣ್ಣಿನ ಮರಗಳು ಮೀನುಗಳಿಗಿಂತ ಮೊದಲು ಬರುತ್ತವೆ. ಶಿಲೆಯಲ್ಲಿ ಮೀನುಗಳೇ ಬಹಳ ಹಿಂದಿನವು. ಧರ್ಮಗ್ರಂಥವನ್ನು ಭೂವಿಜ್ಞಾನದ ಕಾಲಪಟ್ಟಿಯಾಗಿ ಓದಿದರೆ ಎರಡಕ್ಕೂ ಅನ್ಯಾಯವಾಗುತ್ತದೆ. ಲೋಕ ಏಕೆ ಇದೆ, ಅದರಲ್ಲಿ ಮನುಷ್ಯನ ಹೊಣೆಯೇನು ಎಂಬುದು ಧರ್ಮದ ಪ್ರಶ್ನೆ. ಅದು ಯಾವ ಕ್ರಮದಲ್ಲಿ ರೂಪುಗೊಂಡಿತು ಎಂಬುದಕ್ಕೆ ಕಲ್ಲೇ ಸಾಕ್ಷಿ. ಸೃಷ್ಟಿಕರ್ತನನ್ನು ನಂಬುವವರಿಗೆ ಆ ಸಾಕ್ಷ್ಯವನ್ನು ತಿರುಚದಿರುವುದೂ ಭಕ್ತಿಯ ಭಾಗವೇ.