ಪ್ರೀತಿಯನ್ನು ಗಳಿಸುವದಕ್ಕಾಗಿ ಬೇರೊಬ್ಬರಾಗುವದು

ಸಾವಿರ ಸುಳ್ಳು ಹೇಳಿಯಾದರೂ ಒಂದು ಮದುವೆ ಮಾಡಬೇಕೆಂಬ ಗಾದೆಯನ್ನು ನಮ್ಮ ಸೀಮೆಯಲ್ಲಿ ಕೇಳದವರಿಲ್ಲ. ಹೇಳುವವರೂ ನಗುತ್ತಾರೆ, ಕೇಳುವವರೂ ನಗುತ್ತಾರೆ. ನಗಲಾರದವರು ಯಾರಂದರೆ ಆ ಸಾವಿರ ಸುಳ್ಳುಗಳೊಂದಿಗೆ ಸಂಸಾರ ಮಾಡಬೇಕಾದ ಇಬ್ಬರೇ. ಹೆಣ್ಣು ನೋಡುವ ದಿನ ಹುಡುಗಿಯ ಕೊರಳಲ್ಲಿರುವ ಸರವು ನೆರೆಮನೆಯಿಂದ ತಂದದ್ದಾಗಿರುವದುಂಟು. ಹುಡುಗನು ಏರಿ ಬಂದ ವಾಹನವು ಸ್ನೇಹಿತನದಾಗಿರುವದುಂಟು. ಎರಡು ಎಕರೆ ಹೊಲವು ಆ ಒಂದು ದಿನದ ಮಟ್ಟಿಗೆ ಐದು ಎಕರೆಯಾಗುವದು, ಕೂಲಿಯವನು ಮೇಸ್ತ್ರಿಯಾಗುವನು. ಈಗಂತೂ ಭಾವಚಿತ್ರವನ್ನು ಮೊಬೈಲಿನಲ್ಲಿ ಕಳುಹಿಸುವ ರೂಢಿ ಬಂದದರಿಂದ ಮುಖದ ಬಣ್ಣವನ್ನು ತಿದ್ದುವದಕ್ಕೆ ಒಂದು ಬೆರಳು ಸಾಕು.

ಇವು ಹಿರಿಯರ ಸುಳ್ಳುಗಳು. ಇವುಗಳನ್ನು ಕುರಿತು ಹೆಚ್ಚು ಬರೆಯಬೇಕಾದದ್ದಿಲ್ಲ. ಆದರೆ ಪ್ರೀತಿಸುವವರು ತಮ್ಮ ಮೇಲೆ ತಾವೇ ಮಾಡಿಕೊಳ್ಳುವ ಒಂದು ಕೆಲಸವುಂಟು. ಅದು ಸುಳ್ಳೋ ಸತ್ಯವೋ ಎಂದು ಒಡನೆ ಹೇಳಲಾಗದು. ಒಬ್ಬ ಯೌವನಸ್ಥನು ಒಬ್ಬಳ ಮನಸ್ಸನ್ನು ಗೆಲ್ಲಬೇಕೆಂದು ತನ್ನ ಮಾತನ್ನೂ ನಡೆಯನ್ನೂ ಉಡುಪನ್ನೂ ಇಷ್ಟಗಳನ್ನೂ ಬಿಟ್ಟು ಮತ್ತೊಬ್ಬನಾಗುವದಕ್ಕೆ ಹೊರಡುತ್ತಾನೆ. ಹೊಸದಾಗಿ ಬಂದ ಸೊಸೆಯು ಗಂಡನ ಮನೆಯವರ ಮೆಚ್ಚಿಗೆಗಾಗಿ ತನ್ನ ನಗೆಯನ್ನು ಕೂಡ ತವರಿನಲ್ಲಿ ಬಿಟ್ಟುಬರುತ್ತಾಳೆ. ಇದು ಪ್ರೀತಿಯ ಫಲವೋ, ಪ್ರೀತಿಯನ್ನು ಕದಿಯುವ ಉಪಾಯವೋ? ಮದುವೆಯ ವಯಸ್ಸಿನ ಮಕ್ಕಳಿರುವ ಪ್ರತಿಯೊಂದು ಮನೆಗೂ ಸಂಬಂಧಪಟ್ಟ ಪ್ರಶ್ನೆ ಇದಾದದರಿಂದ ಸ್ವಲ್ಪ ನಿಧಾನವಾಗಿ ವಿಚಾರಿಸೋಣ.

ನೀನು ಇದ್ದ ಹಾಗೆಯೇ ಇರು, ನಿಜವಾಗಿ ಪ್ರೀತಿಸುವವರು ಹಾಗೆಯೇ ಪ್ರೀತಿಸುವರು ಎಂದು ಕೆಲವರು ಬುದ್ಧಿ ಹೇಳುವದುಂಟು. ಹೀಗೆ ಹೇಳುವವರು ಹೆಚ್ಚಾಗಿ ಪ್ರೀತಿ ದೊರಕಿದವರೇ ಎಂಬದನ್ನು ವಾಚಕರು ಗಮನಿಸಿರಬಹುದು. ಕಪ್ಪು ಬಣ್ಣದವಳೆಂದು ಮೂರು ಸಾರಿ ಬೇಡವೆನ್ನಿಸಿಕೊಂಡ ಹುಡುಗಿಗೆ ಈ ಮಾತು ಹೊಟ್ಟೆ ತುಂಬಿದವನು ಹಸಿದವನಿಗೆ ಹೇಳುವ ಸಮಾಧಾನದಂತೆ ಕೇಳಿಸುವದು. ಅವಳ ಸಂಕಟದ ಮೇಲೆ ಎಷ್ಟು ದೊಡ್ಡ ವ್ಯಾಪಾರ ನಡೆದಿದೆ ಎಂಬದಕ್ಕೆ 1975ರಲ್ಲಿ ನಮ್ಮ ದೇಶದ ಅಂಗಡಿಗಳಿಗೆ ಬಂದ ಫೇರ್ ಅಂಡ್ ಲವ್ಲಿ ಎಂಬ ಮುಖಲೇಪವೇ ಸಾಕ್ಷಿ. ಬೆಳ್ಳಗಾದವಳೇ ಚೆಲುವೆಯೆಂಬ ಅರ್ಥ ಅದರ ಹೆಸರಿನಲ್ಲಿಯೇ ಅಡಗಿತ್ತು. ಬಹು ಜನರು ಆಕ್ಷೇಪಿಸಿದ ಮೇಲೆ 2020ರಲ್ಲಿ ಆ ಹೆಸರಿನಿಂದ ಬಿಳುಪಿನ ಮಾತನ್ನು ತೆಗೆದುಹಾಕಿದರು. ಹೆಣ್ಣು ನೋಡಲು ಬರುವವರ ಕಣ್ಣಿನಿಂದ ಅದನ್ನು ಇನ್ನೂ ತೆಗೆಯಬೇಕಾಗಿದೆ. ಅದಲ್ಲದೆ ಇದ್ದ ಹಾಗೆಯೇ ಇರಬಾರದವರೂ ಇದ್ದಾರೆ. ಕುಡುಕನೂ ಸೋಮಾರಿಯೂ ತಾಯಿಯ ಮೇಲೆ ಕೈಯೆತ್ತುವವನೂ ಒಬ್ಬಳ ಪ್ರೀತಿಯ ನಿಮಿತ್ತವಾದರೂ ಬದಲಾದರೆ ಊರೇ ಸಂತೋಷಪಡಬೇಕು. ಆದಕಾರಣ ನಾವು ಕೇಳಬೇಕಾದ ಪ್ರಶ್ನೆ ಯಾವದಂದರೆ, ಎಂಥ ಬದಲಾವಣೆಯಿಂದ ಪ್ರೀತಿ ದೊರಕುವದು, ಎಂಥದರಿಂದ ಅದು ಕೈಗೆ ಬಂದೂ ಬಾರದೆ ಹೋಗುವದು ಎಂಬದೇ.

ಯಾಕೋಬನ ಚರಿತ್ರೆಯನ್ನು ನಮ್ಮ ಮನೆಗಳಲ್ಲಿ ಮಕ್ಕಳೂ ಬಲ್ಲರು. ಇಸಾಕನಿಗೆ ಬೇಟೆಯ ಮಾಂಸ ತಂದುಕೊಡುವ ಏಸಾವನ ಮೇಲೆ ಪ್ರೀತಿ. ಗುಡಾರದಲ್ಲಿ ಇರುವ ಚಿಕ್ಕ ಮಗನ ಮೇಲೆ ತಾಯಿಗೆ ಪ್ರೀತಿ. ಆ ಚಿಕ್ಕ ಮಗನು ಅಣ್ಣನ ಬಟ್ಟೆಯನ್ನು ತೊಟ್ಟು, ಕೈಗಳಿಗೂ ಕೊರಳಿಗೂ ಮೇಕೆಮರಿಯ ತೊಗಲನ್ನು ಸುತ್ತಿಕೊಂಡು, ಕಣ್ಣು ಮಬ್ಬಾದ ತಂದೆಯ ಮುಂದೆ ನಿಂತನು. ಈ ಸಂಗತಿಯಲ್ಲಿ ಸಾಧಾರಣವಾಗಿ ನಾವು ಮೋಸವನ್ನೇ ನೋಡುತ್ತೇವೆ. ಆದರೆ ಅದರಲ್ಲಿ ಒಂದು ದುಃಖವೂ ಉಂಟು. ತಂದೆಯು ಅವನನ್ನು ಹತ್ತಿರಕ್ಕೆ ಕರೆದನು, ಮುಟ್ಟಿ ನೋಡಿದನು, ಮುದ್ದಿಟ್ಟನು, ಬಟ್ಟೆಯ ವಾಸನೆಯನ್ನು ಮೂಸಿ ಆಶೀರ್ವದಿಸಿದನು. ಎಷ್ಟೋ ವರ್ಷ ಕಾದಿದ್ದ ಆ ಮುದ್ದು ಯಾಕೋಬನ ಕೆನ್ನೆಯ ಮೇಲೆ ಬಿದ್ದರೂ ಯಾಕೋಬನಿಗೆ ಸೇರಲಿಲ್ಲ. ಅದು ಏಸಾವನಿಗೆ ಇಟ್ಟ ಮುದ್ದು. ಆ ಗಳಿಗೆಯಲ್ಲಿ ಅವನಿಗೆ ಸಂತೋಷವಾಯಿತೆಂದು ನಾವು ನಂಬಲಾರೆವು. ಎಲ್ಲಿ ಸಿಕ್ಕಿಬೀಳುವೆನೋ ಎಂಬ ಭಯವೇ ಅವನಲ್ಲಿ ಹೆಚ್ಚಾಗಿದ್ದಿರಬೇಕು. ಇಪ್ಪತ್ತು ವರ್ಷ ಪರದೇಶದಲ್ಲಿ ದುಡಿದು ಹಿಂದಿರುಗುವಾಗ ಯಬ್ಬೋಕ್ ಹೊಳೆಯ ಬಳಿಯಲ್ಲಿ ರಾತ್ರಿಯೆಲ್ಲಾ ಹೋರಾಡಿದ ಮೇಲೆ ಅವನ ಹೆಸರನ್ನು ಕೇಳಲಾಯಿತು. ತಂದೆ ನೀನು ಯಾರೆಂದು ಕೇಳಿದಾಗ ಏಸಾವನೆಂದು ಹೇಳಿದ್ದವನು ಈ ಸಾರಿ ಯಾಕೋಬನೆಂದು ಹೇಳಿದನು. ಆ ಹೆಸರನ್ನು ಹೇಳಿದವನಿಗೇ ಅಲ್ಲಿ ಆಶೀರ್ವಾದ ದೊರಕಿತು. ಕುಂಟುತ್ತಾ ಹೋದರೂ ಅದು ಅವನದೇ ಆಗಿತ್ತು.

ಈ ನಡುವೆ ಅವನು ಮಾಡಿದ್ದೇ ಅವನಿಗೆ ಆದ ವಿಧವನ್ನು ನೋಡಿರಿ. ಕತ್ತಲಲ್ಲಿ ರಾಹೇಲಳೆಂದು ಅವನು ಬರಮಾಡಿಕೊಂಡವಳು ಬೆಳಗಾದಾಗ ಲೇಯಳಾಗಿದ್ದಳು. ಲಾಬಾನನು ಮಾಡಿದ ಮೋಸವನ್ನು ನಾವು ಯಾಕೋಬನ ಪಕ್ಷದಿಂದ ಓದುವದೇ ರೂಢಿಯಾಗಿದೆ. ಲೇಯಳ ಪಕ್ಷದಿಂದಲೂ ಒಮ್ಮೆ ಓದಬೇಕು. ಒಂದು ರಾತ್ರಿ ಅವಳು ಪ್ರೀತಿಸಲ್ಪಟ್ಟಳು, ಆದರೆ ತಂಗಿಯಾಗಿ. ಆ ಮೇಲೆ ಅವಳು ಮಗನನ್ನು ಹೆತ್ತಾಗ ಇನ್ನಾದರೂ ಗಂಡನು ಪ್ರೀತಿಸುವನೆಂದು ಆಶಿಸಿ ಅದಕ್ಕೆ ತಕ್ಕ ಹೆಸರಿಟ್ಟಳು. ಎರಡನೆಯವನು ಹುಟ್ಟಿದಾಗ ತನ್ನನ್ನು ಅಲಕ್ಷ್ಯಮಾಡಿದ್ದಾರೆಂಬ ನೋವಿನ ಹೆಸರು; ಮೂರನೆಯವನು ಹುಟ್ಟಿದಾಗ ಈಗಲಾದರೂ ಗಂಡನು ನನ್ನೊಂದಿಗೆ ಕೂಡಿಕೊಳ್ಳುವನೆಂಬ ಹೆಸರು. ನಾಲ್ಕನೆಯವನಾದ ಯೆಹೂದನಿಗೆ ಹೆಸರಿಡುವಾಗ ಮಾತ್ರ ಅವಳು ಗಂಡನ ಮಾತನ್ನೆತ್ತಲಿಲ್ಲ. ನಮ್ಮ ಹಳ್ಳಿಗಳಲ್ಲಿ ಇಂಥ ಲೇಯರು ಎಷ್ಟು ಮಂದಿ ಇದ್ದಾರೆಂಬದನ್ನು ಲೆಕ್ಕ ಮಾಡುವವರಿಲ್ಲ.

ಮರೆಮಾಚಿ ಪಡೆದ ಪ್ರೀತಿಯಿಂದ ನಷ್ಟಪಡುವವನು ಮರೆಮಾಚಿದವನೊಬ್ಬನೇ ಅಲ್ಲ. ಒಪ್ಪಿಗೆ ಕೊಟ್ಟವಳಿಗೂ ನಷ್ಟವುಂಟು. ಅವಳು ಒಬ್ಬನನ್ನು ನೋಡಿ ಒಪ್ಪಿದಳು. ಅಂಥವನು ಲೋಕದಲ್ಲಿಯೇ ಇಲ್ಲ. ಭಾರತದ ಕ್ರೈಸ್ತರಿಗೆ ಅನ್ವಯಿಸುವ 1869ರ ವಿವಾಹ ವಿಚ್ಛೇದನದ ಕಾಯಿದೆಯಲ್ಲಿ ಕೂಡ, ಬಲಾತ್ಕಾರದಿಂದಾಗಲಿ ಮೋಸದಿಂದಾಗಲಿ ಒಪ್ಪಿಗೆಯನ್ನು ಪಡೆದಿದ್ದರೆ ಆ ಮದುವೆಯನ್ನು ನ್ಯಾಯಾಲಯವು ರದ್ದುಮಾಡಬಹುದೆಂಬ ಸೂಚನೆಯಿದೆ. ಬಲಾತ್ಕಾರವನ್ನೂ ಮೋಸವನ್ನೂ ಒಂದೇ ಸಾಲಿನಲ್ಲಿ ಇಟ್ಟದ್ದು ನಮಗೆ ಬಹಳ ನ್ಯಾಯವಾಗಿ ತೋರುತ್ತದೆ. ಯಾಕಂದರೆ ಒಂದರಲ್ಲಿ ಕೈ ಹಿಡಿದು ಎಳೆಯುತ್ತಾರೆ, ಮತ್ತೊಂದರಲ್ಲಿ ಕಣ್ಣು ಕಟ್ಟಿ ನಡಿಸುತ್ತಾರೆ.

ಹಾಗಾದರೆ ಪ್ರೀತಿಗಾಗಿ ಬದಲಾದವರೆಲ್ಲರೂ ಮೋಸಗಾರರೋ? ಹಾಗೆ ಹೇಳದಂತೆ ನಮ್ಮನ್ನು ತಡೆಯುವ ಒಂದು ಕಥೆ ಯುರೋಪ್ ಖಂಡದ ಬೆಲ್ಜಿಯಮ್ ದೇಶದಲ್ಲಿದೆ. ಅಲ್ಲಿನ ಲುವೇನ್ ಎಂಬ ಊರಿನಲ್ಲಿ ಸುಮಾರು 1466ರಲ್ಲಿ ಕ್ವೆಂಟಿನ್ ಮೆಟ್ಸಿಸ್ ಎಂಬವನು ಹುಟ್ಟಿದನು. ತಂದೆ ಕಮ್ಮಾರನು. ಮಗನೂ ಅದೇ ಕುಲುಮೆಯಲ್ಲಿ ಸುತ್ತಿಗೆ ಹಿಡಿದನೆಂದು ಹೇಳುತ್ತಾರೆ. ಅವನು ಒಬ್ಬ ಹುಡುಗಿಯನ್ನು ಮೆಚ್ಚಿದನು; ಆದರೆ ಅದೇ ಹುಡುಗಿಯನ್ನು ಒಬ್ಬ ಚಿತ್ರಕಾರನೂ ಮೆಚ್ಚಿದ್ದನು. ಹುಡುಗಿಗೆ ಇಷ್ಟವಾದವನು ಕಮ್ಮಾರನು, ಇಷ್ಟವಾದ ಕಸುಬು ಮಾತ್ರ ಚಿತ್ರಕಾರನದು. ಅಡಿಗಲ್ಲಿನ ಮೇಲಿನ ಆ ಬಡಿತದ ಸದ್ದಿಗಿಂತ ಸದ್ದಿಲ್ಲದ ಕುಂಚವೇ ಅವಳಿಗೆ ಹಿತವಾಗಿತ್ತು. ಇದನ್ನು ತಿಳಿದು ಅವನು ಸುತ್ತಿಗೆಯನ್ನು ಕೆಳಗಿಟ್ಟು ಕುಂಚವನ್ನು ಹಿಡಿದನು. 1491ರಲ್ಲಿ ಆಂಟ್ವರ್ಪ್ ಪಟ್ಟಣದ ಚಿತ್ರಕಾರರ ಸಂಘವು ಅವನನ್ನು ಗುರುವೆಂದು ಸೇರಿಸಿಕೊಂಡಿತು. ಆ ಪಟ್ಟಣದ ಚಿತ್ರಕಾರರಲ್ಲಿ ಅವನು ಮೊದಲನೆಯ ಸಾಲಿನವನಾಗಿ 1530ರಲ್ಲಿ ತೀರಿಕೊಂಡನು.

ಈ ಪ್ರೀತಿಯ ಕಥೆಯನ್ನು ಪಂಡಿತರು ಪೂರ್ತಿಯಾಗಿ ನಂಬುವದಿಲ್ಲ. 1604ರಲ್ಲಿ ಚಿತ್ರಕಾರರ ಚರಿತ್ರೆಯನ್ನು ಬರೆದ ಕಾರೆಲ್ ವಾನ್ ಮಾಂಡರ್ ಎಂಬವನು ಮತ್ತೊಂದು ಮಾತನ್ನೂ ಬರೆದಿಟ್ಟಿದ್ದಾನೆ: ರೋಗದಿಂದ ಬಲಹೀನನಾಗಿ ಸುತ್ತಿಗೆ ಎತ್ತಲಾರದೆ ಹೋದದರಿಂದ ಚಿತ್ರಗಳಿಗೆ ಬಣ್ಣ ಹಾಕುವದನ್ನು ಕಲಿತನೆಂದು. ಆದರೆ ಆಂಟ್ವರ್ಪಿನ ಜನರಿಗೆ ಪ್ರೀತಿಯ ಕಥೆಯೇ ಬೇಕಾಯಿತು. ಅಲ್ಲಿಯ ದೊಡ್ಡ ದೇವಾಲಯದ ಮುಂದೆ ಒಂದು ಹಳೇ ಬಾವಿಯ ಮೇಲೆ ಕಬ್ಬಿಣದಲ್ಲಿ ಬಳ್ಳಿಗಳನ್ನು ಹೆಣೆದ ಚಪ್ಪರವುಂಟು. ಅದು ಇವನ ಕೈಕೆಲಸವೆಂದು ಈಗಲೂ ತೋರಿಸುತ್ತಾರೆ. ಅವನು ಸತ್ತು ಸುಮಾರು ನೂರು ವರ್ಷಗಳಾದ ಮೇಲೆ, 1629ರಲ್ಲಿ, ಅಲ್ಲಿಯೇ ಅವನ ಜ್ಞಾಪಕಕ್ಕಾಗಿ ಒಂದು ಕಲ್ಲನ್ನು ಇಡಿಸಿ, ಕಮ್ಮಾರನನ್ನು ಚಿತ್ರಕಾರನನ್ನಾಗಿ ಮಾಡಿದ್ದು ದಾಂಪತ್ಯಪ್ರೇಮವೇ ಎಂಬ ಭಾವದ ಲಾಟಿನ್ ಮಾತನ್ನು ಕೆತ್ತಿಸಿದರು.

ಕಥೆಯು ನಿಜವಾದರೂ ಸರಿ, ಜನರು ಕಟ್ಟಿದ್ದಾದರೂ ಸರಿ, ನಮ್ಮ ಪ್ರಶ್ನೆಗೆ ಅದರಲ್ಲಿ ಉತ್ತರವುಂಟು. ಯಾಕೋಬನು ಮೇಕೆಯ ತೊಗಲನ್ನು ಸುತ್ತಿಕೊಂಡನು. ತಂದೆಯ ಬಳಿಯಿಂದ ಹೊರಗೆ ಬಂದೊಡನೆ ಅದನ್ನು ಬಿಚ್ಚಲೇ ಬೇಕಾಯಿತು. ಕ್ವೆಂಟಿನನು ತನ್ನ ಕೈಗೇ ಹೊಸ ಕೆಲಸವನ್ನು ಕಲಿಸಿದನು, ಅದನ್ನು ಬಿಚ್ಚಿಡುವದಕ್ಕಾಗದು. ಒಂದು ವೇಳೆ ಹುಡುಗಿಯು ಆ ಮೇಲೆಯೂ ಒಲ್ಲೆನೆಂದಿದ್ದರೆ ಅವನಿಗೆ ದುಃಖವಾಗುತ್ತಿತ್ತು, ಕಲಿತ ವಿದ್ಯೆ ಮಾತ್ರ ಹೋಗುತ್ತಿರಲಿಲ್ಲ. ನೆರೆಮನೆಯ ಸರವಾದರೋ ಸಂಜೆಗೆ ನೆರೆಮನೆಗೇ ಹೋಗುವದು. ಮತ್ತು ಅವನು ಕಮ್ಮಾರನೆಂಬದನ್ನು ಹುಡುಗಿಯಿಂದ ಮುಚ್ಚಲಿಲ್ಲ. ಅವಳು ಎರಡನ್ನೂ ಕಂಡಿದ್ದಳು. ಸುತ್ತಿಗೆಯಿಂದ ಕುಂಚದ ವರೆಗೆ ಅವನು ನಡೆದ ದಾರಿಯನ್ನು ಕಂಡೇ ಒಪ್ಪಿದಳು.

ಈ ಅಳತೆಯಿಂದ ನಮ್ಮ ಊರಿನ ಒಂದು ಸಾಮಾನ್ಯ ಸಂಗತಿಯನ್ನು ಅಳೆದು ನೋಡೋಣ. ಮದುವೆ ಮಾಡಿದರೆ ಸರಿಹೋಗುತ್ತಾನೆ ಎಂದು ಕುಡಿಯುವ ಮಗನನ್ನು ಕುರಿತು ತಾಯಂದಿರು ಹೇಳುತ್ತಾರೆ. ಮಾತು ನಿಶ್ಚಯವಾದ ದಿನದಿಂದ ಮೂರು ತಿಂಗಳು ಅವನು ಸಾರಾಯಿಯನ್ನು ಮುಟ್ಟದೆ ಇರುವನು, ಆದಿತ್ಯವಾರ ಮೊದಲನೇ ಬೆಂಚಿನಲ್ಲಿ ಕೂತುಕೊಳ್ಳುವನು. ಹುಡುಗಿಯ ತಂದೆ ನೋಡಿ ಮೆಚ್ಚುವನು. ಆ ಮೂರು ತಿಂಗಳು ಸುಳ್ಳೆಂದು ನಾವು ಹೇಳುವದಿಲ್ಲ. ಆ ಹುಡುಗನು ಮನಃಪೂರ್ವಕವಾಗಿ ಬಿಟ್ಟಿದ್ದಿರಬಹುದು. ಆದರೆ ನಿಶ್ಚಯವು ಮುರಿದರೂ ಬಿಟ್ಟೇ ಇರುವೆಯೋ ಎಂದು ಯಾರೂ ಅವನನ್ನು ಕೇಳಿರುವದಿಲ್ಲ. ಹಿಂದೆ ಕುಡಿಯುತ್ತಿದ್ದನೆಂದು ಹುಡುಗಿಗೆ ಯಾರೂ ಹೇಳಿರುವದಿಲ್ಲ. ಈ ಎರಡು ಮಾತುಗಳನ್ನು ಆಡಿದರೆ ಕೆಲವು ಸಂಬಂಧಗಳು ತಪ್ಪಿಹೋಗುವವೆಂಬದು ನಿಜ. ತಪ್ಪಲಿ ಎಂದೇ ನಮ್ಮ ಅಭಿಪ್ರಾಯ. ಎಲ್ಲವನ್ನೂ ಕೇಳಿದ ಮೇಲೆಯೂ ಒಪ್ಪುವ ಹುಡುಗಿಯೊಬ್ಬಳು ಸಿಕ್ಕಿದರೆ ಅವನ ಬಿಡುವಿಕೆಗೆ ಅಂಥ ಬಲ ಮತ್ತೊಂದಿಲ್ಲ. ಬಚ್ಚಿಟ್ಟವನಾದರೋ ಕುಡಿತದೊಂದಿಗೆ ಒಂದು ಹೋರಾಟ, ಹೆಂಡತಿಯ ಕಣ್ಣಿನೊಂದಿಗೆ ಮತ್ತೊಂದು ಹೋರಾಟ, ಹೀಗೆ ಎರಡನ್ನು ಮಾಡಬೇಕಾಗುವದು.

ಬೇರೊಬ್ಬರಾಗುವದರ ಖರ್ಚನ್ನು ಅನೇಕ ಸಾರಿ ಮೂರನೆಯವರು ತೆರಬೇಕಾಗುತ್ತದೆಂಬದನ್ನೂ ಇಲ್ಲಿ ಹೇಳಬೇಕು. ಹಳ್ಳಿಯಿಂದ ಪಟ್ಟಣಕ್ಕೆ ಹೋಗಿ ಓದಿ ಕೆಲಸಕ್ಕೆ ಸೇರಿದ ಹುಡುಗನು ಅಲ್ಲಿಯ ಒಂದು ಹುಡುಗಿಯನ್ನು ಮೆಚ್ಚುತ್ತಾನೆ. ಮಾತಿನ ಧಾಟಿಯನ್ನು ತಿದ್ದಿಕೊಳ್ಳುತ್ತಾನೆ, ಅದರಲ್ಲಿ ದೋಷವಿಲ್ಲ. ಉಣ್ಣುವ ರೀತಿಯನ್ನು ಕಲಿಯುತ್ತಾನೆ, ಅದರಲ್ಲಿಯೂ ದೋಷವಿಲ್ಲ. ಊರಿನ ಹೆಸರನ್ನು ಕೇಳಿದರೆ ತಾಲ್ಲೂಕಿನ ಹೆಸರನ್ನು ಹೇಳುತ್ತಾನೆ. ಕಡೆಗೆ ಒಂದು ದಿನ, ಕಳೆ ಕಿತ್ತು ಅವನನ್ನು ಓದಿಸಿದ ತಾಯಿ ಬುತ್ತಿ ಕಟ್ಟಿಕೊಂಡು ಬಾಗಲಿಗೆ ಬಂದರೆ, ಊರಿನ ಕಡೆಯವರು ಎಂದು ಹೇಳಿ ಒಳಗೆ ಕರೆಯುತ್ತಾನೆ. ತಾಯಿ ಅದನ್ನು ಕೇಳಿಸಿಕೊಂಡೂ ಕೇಳದವಳಂತೆ ಬುತ್ತಿಯ ಗಂಟನ್ನು ಬಿಚ್ಚುತ್ತಾಳೆ. ಧಾಟಿಯನ್ನು ತಿದ್ದಿಕೊಂಡದ್ದಕ್ಕೂ ತಾಯಿಯನ್ನು ಅಲ್ಲಗಳೆದದ್ದಕ್ಕೂ ನಡುವೆ ಎಲ್ಲಿ ಗೆರೆ ದಾಟಿದನೆಂದು ಕೇಳಿದರೆ, ತಾಲ್ಲೂಕಿನ ಹೆಸರನ್ನು ಹೇಳಿದ ದಿನವೇ ಎಂದು ನಾವು ಹೇಳುವೆವು. ಮೊದಲನೆಯ ಎರಡರಲ್ಲಿ ಅವನು ಏನನ್ನೋ ಕೂಡಿಸಿಕೊಂಡನು. ಅಂದು ತನ್ನಲ್ಲಿದ್ದ ಒಂದನ್ನು ಮುಚ್ಚಿದನು.

ಇಷ್ಟು ಹೊತ್ತು ಬದಲಾಗುವವರ ಮಾತಾಯಿತು. ಬದಲಾಗು ಎಂದು ಕೇಳುವವರನ್ನೂ ಬಿಡಲಾಗದು. ಕಸುಬನ್ನು ಬದಲಿಸಿಕೋ ಎಂದು ಹುಡುಗಿ ಬಯಸಿದ್ದು ತಪ್ಪೇ? ಅದು ಸ್ವಲ್ಪ ಕಠಿಣವಾದ ಆಶೆಯೇ ಸರಿ. ಆದರೂ ಅವಳು ಅದನ್ನು ಬಾಯಿಬಿಟ್ಟು ಹೇಳಿದಳು, ಕಲಿಯುವ ತನಕ ಕಾದಳು. ನಮ್ಮಲ್ಲಿ ಸೊಸೆಯಿಂದ ಬಯಸುವದನ್ನು ಯಾರೂ ಬಾಯಿಬಿಟ್ಟು ಹೇಳುವದಿಲ್ಲ. ಅವಳೇ ಊಹಿಸಿ ಬದಲಾಗಬೇಕು, ಊಹೆ ತಪ್ಪಿದರೆ ಮುಖ ಗಂಟಿಕ್ಕಿಕೊಳ್ಳುತ್ತಾರೆ. ಕೆಲವು ಮನೆತನಗಳಲ್ಲಿ ಮದುವೆಯ ದಿನವೇ ಅವಳ ಹೆಸರನ್ನೂ ಬದಲಿಸುವ ಪದ್ಧತಿಯುಂಟು. ಗಂಡನಿಗೆ ಹೆಸರು ಬದಲಿಸಿದ್ದನ್ನು ನಾವು ಎಲ್ಲಿಯೂ ಕೇಳಲಿಲ್ಲ.

ಒಟ್ಟಿಗೆ ಬಾಳುವವರು ಯಾರೂ ಕೇಳದೆಯೇ ಒಬ್ಬರಂತೆ ಒಬ್ಬರು ಆಗುವದು ಬೇರೆ ಮಾತು. ಅದನ್ನು ಅದೇ ಕ್ವೆಂಟಿನನು 1514ರಲ್ಲಿ ಬರೆದ ಒಂದು ಚಿತ್ರದಲ್ಲಿ ನೋಡಬಹುದು. ಅದು ಈಗ ಪಾರಿಸ್ ಪಟ್ಟಣದ ಲೂವ್ರ್ ಸಂಗ್ರಹಾಲಯದಲ್ಲಿದೆ. ಮೇಜಿನ ಹಿಂದೆ ಗಂಡಹೆಂಡರಿಬ್ಬರು ಕೂತಿದ್ದಾರೆ. ಗಂಡನು ಚಿಕ್ಕ ತಕ್ಕಡಿಯಲ್ಲಿ ನಾಣ್ಯಗಳನ್ನು ತೂಗುತ್ತಾನೆ. ಹೆಂಡತಿಯ ಮುಂದೆ ಪ್ರಾರ್ಥನೆಯ ಪುಸ್ತಕವು ತೆರೆದಿದೆ, ಹಾಳೆಯನ್ನು ತಿರುವುವದಕ್ಕೆ ಎತ್ತಿದ ಕೈ ಹಾಗೆಯೇ ನಿಂತಿದೆ, ಕಣ್ಣು ಮಾತ್ರ ಗಂಡನ ಕಣ್ಣಿನ ಹಿಂದೆ ಹೋಗಿ ತಕ್ಕಡಿಯ ಮೇಲೆ ಇಳಿದಿದೆ. ಅವಳು ಪುಸ್ತಕದ ಕಡೆಗೆ ಹಿಂದಿರುಗುವಳೋ, ಗಂಡನೇ ಒಂದು ದಿನ ತಕ್ಕಡಿಯಿಂದ ತಲೆಯೆತ್ತಿ ಪುಸ್ತಕದ ಕಡೆಗೆ ನೋಡುವನೋ, ಚಿತ್ರಕಾರನು ಹೇಳದೆ ಬಿಟ್ಟಿದ್ದಾನೆ.