ಸೋಸಿದ ಮೇಲೆ ಉಳಿದದ್ದು ಯಾರು?

ಅಮೆರಿಕದ ಪ್ರಾಣಿವಿಜ್ಞಾನಿ ಎಚ್.ವಿ. ವಿಲ್ಸನ್ 1907ರಲ್ಲಿ ಒಂದು ವಿಚಿತ್ರ ಪ್ರಯೋಗವನ್ನು ಪ್ರಕಟಿಸಿದರು. ನಾರ್ತ್ ಕ್ಯಾರೊಲಿನಾದ ಬೋಫರ್ಟ್ ಕರಾವಳಿಯಲ್ಲಿ ಬೆಳೆಯುವ ಮೈಕ್ರೋಸಿಯೋನಾ ಎಂಬ ಕೆಂಪು ಸ್ಪಂಜನ್ನು ಚೂರು ಮಾಡಿ, ಹಿಟ್ಟು ಸೋಸುವಂಥ ನವಿರು ರೇಷ್ಮೆ ಬಟ್ಟೆಯಲ್ಲಿಟ್ಟು ಸಮುದ್ರದ ನೀರಿನೊಳಗೆ ಹಿಂಡಿದರು. ಬಟ್ಟೆಯ ಕಣ್ಣುಗಳಿಂದ ಹೊರಬಂದದ್ದು ಬಿಡಿ ಜೀವಕೋಶಗಳು. ಅವು ಪಾತ್ರೆಯ ತಳಕ್ಕಿಳಿದು ತೆವಳತೊಡಗಿದವು. ಒಂದಕ್ಕೊಂದು ತಾಗಿ, ಅಂಟಿಕೊಂಡು ಪುಟ್ಟ ಉಂಡೆಗಳಾದವು. ದಿನ ಕಳೆದಂತೆ ಉಂಡೆಗಳೊಳಗೆ ನೀರಿನ ಕಾಲುವೆಗಳು ಮೂಡಿದವು. ಮತ್ತೆ ಸ್ಪಂಜು!

ಒಂದಲ್ಲ, ಹಲವು. ಹಾಗಾದರೆ ಮೊದಲಿನದು ಸತ್ತಿತೇ? ಹೆಣವೇ ಇಲ್ಲ. ಬದುಕಿದೆಯೇ? ಯಾವುದರಲ್ಲಿ?

ಇಂಥದೇ ಪ್ರಶ್ನೆ ಹಳೆಯದು. ‘ಮಿಲಿಂದ ಪಞ್ಹ’ ಎಂಬ ಬೌದ್ಧ ಗ್ರಂಥದಲ್ಲಿ ಭಿಕ್ಷು ನಾಗಸೇನ ದೊರೆ ಮಿಲಿಂದನನ್ನು ಕೇಳುತ್ತಾನೆ: ಅಚ್ಚು ರಥವೇ, ಗಾಲಿ ರಥವೇ, ನೊಗ ರಥವೇ? ಎಲ್ಲ ಕೂಡಿದಾಗ ಬಳಸುವ ಹೆಸರಷ್ಟೇ ರಥ; ನಾಗಸೇನನೂ ಅಂಥದೇ ಒಂದು ಹೆಸರು. ಸ್ಪಂಜು ಈ ವಾದಕ್ಕೆ ಅರ್ಧ ದೂರ ಜೊತೆ ಬರುತ್ತದೆ. ಅದಕ್ಕೆ ಮಿದುಳಿಲ್ಲ, ನರವಿಲ್ಲ, ಹೃದಯವಿಲ್ಲ. ಜೀವ ಇಲ್ಲಿ ನೆಲೆಸಿದೆ ಎಂದು ಬೆರಳಿಟ್ಟು ತೋರಿಸುವ ಜಾಗವೇ ಇಲ್ಲ. ಆದರೆ ಬಿಚ್ಚಿಟ್ಟ ರಥಕ್ಕೆ ಬಡಗಿ ಬೇಕು. ವಿಲ್ಸನ್ನರ ಪಾತ್ರೆಯಲ್ಲಿ ಬಡಗಿ ಇರಲಿಲ್ಲ.

ಇದಕ್ಕಿಂತ ದೊಡ್ಡ ಸೋಜಿಗ ಇನ್ನೊಂದಿದೆ. ಎರಡು ಜಾತಿಯ ಸ್ಪಂಜುಗಳ ಕೋಶಗಳನ್ನು ಬೆರೆಸಿಟ್ಟರೆ ಅವು ಸಾಮಾನ್ಯವಾಗಿ ತಮ್ಮ ತಮ್ಮ ಜಾತಿಯವನ್ನೇ ಹುಡುಕಿ ಗುಂಪುಗೂಡುತ್ತವೆ. ಕೋಶಗಳ ಹೊರಮೈಯಲ್ಲಿರುವ ಸಕ್ಕರೆ ಬೆರೆತ ಪ್ರೋಟೀನುಗಳೂ ಕಡಲ ನೀರಿನ ಕ್ಯಾಲ್ಸಿಯಮ್ಮೂ ಸೇರಿ ಈ ಗುರುತು ಹಿಡಿಯುತ್ತವೆ. ಹವಾಯಿಯ ಕ್ಯಾಲಿಸ್ಪಾಂಜಿಯಾ ಸ್ಪಂಜಿನ ಮೇಲೆ 1979ರಲ್ಲಿ ಪ್ರಕಟವಾದ ಅಧ್ಯಯನ ಇನ್ನೂ ಮುಂದೆ ಹೋಯಿತು. ತನ್ನದೇ ತುಂಡನ್ನು ಪಕ್ಕಕ್ಕಿಟ್ಟರೆ ಅದು ಬೆಸೆದುಕೊಳ್ಳುತ್ತದೆ. ಅದೇ ಜಾತಿಯ ಬೇರೊಂದು ಸ್ಪಂಜಿನ ತುಂಡಾದರೆ ಒಪ್ಪುವುದಿಲ್ಲ. ತಾಗಿದ ಕಡೆ ಅಂಗಾಂಶ ಸಾಯುತ್ತದೆ.

ಆತ್ಮವೇ ಇಲ್ಲದ ಮೇಲೆ ತನ್ನದೆಂಬುದಕ್ಕೆ ಆಸ್ಪದವೆಲ್ಲಿ ಎಂಬುದು ಬೌದ್ಧ ದಾರ್ಶನಿಕ ನಾಗಾರ್ಜುನನ ನಿಲುವು. ಆತ್ಮವನ್ನು ಒಪ್ಪುವವರೂ ‘ನಾನು’ ಎಂಬ ಅಹಂಕಾರವನ್ನು ಮೊದಲಿಟ್ಟು ‘ನನ್ನದು’ ಎಂಬ ಮಮಕಾರವನ್ನು ಅದರ ಬೆನ್ನಿಗಿಡುತ್ತಾರೆ. ಸ್ಪಂಜಿನಲ್ಲಿ ಈ ಕ್ರಮ ತಲೆಕೆಳಗು. ತಾನು ಒಂದೋ ಹತ್ತೋ ಎಂಬುದಕ್ಕೇ ಅಲ್ಲಿ ಉತ್ತರವಿಲ್ಲ, ಆದರೂ ತನ್ನದು ಯಾವುದು, ಪರರದು ಯಾವುದು ಎಂಬುದರಲ್ಲಿ ಗೊಂದಲವಿಲ್ಲ.

ಇದು ಬರೀ ರಸಾಯನ, ಅರಿವಲ್ಲ ಎನ್ನಬಹುದು, ಆಕ್ಷೇಪ ನ್ಯಾಯವಾದದ್ದೇ. ಆದರೆ ಕಸಿ ಮಾಡಿದ ಮೂತ್ರಪಿಂಡವನ್ನು ಮನುಷ್ಯನ ಮೈ ಹೊರಗಿನದೆಂದು ತಿರಸ್ಕರಿಸುವಾಗಲೂ ‘ನಾನು’ ಎನ್ನುವವನ ಒಪ್ಪಿಗೆ ಕೇಳುವುದಿಲ್ಲ. ಅವನು ಆ ಅಂಗಕ್ಕಾಗಿ ವರ್ಷಗಟ್ಟಲೆ ಹಂಬಲಿಸಿದ್ದರೂ ಅಷ್ಟೇ.