ಬಾಗಿಲು ಹಾಕಿಕೊಂಡರೆ ಶಾಂತಿಯೇ?

ಆಫೀಸು ಬಿಟ್ಟು ಮನೆಗೆ ಹೊರಟ ಹೊತ್ತಿನಲ್ಲಿ ದಾರಿಗೆ ಅಡ್ಡವಾಗಿ ಮೋರ್ಚಾ ಬಂದರೆ ನಮ್ಮ ಬಾಯಿಂದ ಮೊದಲು ಹೊರಡುವ ಮಾತು ಯಾವುದು? "ಇವರಿಗೆ ಮಾಡಲು ಬೇರೆ ಕೆಲಸವಿಲ್ಲವೇ?" ಎಂಬುದೇ. ಫಲಕದ ಮೇಲೆ ಏನು ಬರೆದಿದೆ ಎಂದು ಓದುವ ಮೊದಲೇ ನಾವು ತೀರ್ಪು ಕೊಟ್ಟಾಗಿರುತ್ತದೆ. ಹೊಟ್ಟೆಪಾಡಿಗೆಂದು ಊರು ಬಿಟ್ಟು ಮಹಾನಗರ ಸೇರಿದ ನಮ್ಮಂಥವರಿಗೆ ಬೀದಿಯ ಗಲಾಟೆಯೆಂದರೆ ಅಂಜಿಕೆ. ತಾನಾಯಿತು, ತನ್ನ ಪಾಡಾಯಿತು ಎಂದಿರುವವನೇ ಸಜ್ಜನನೆಂದು ಮಕ್ಕಳಿಗೂ ಹೇಳಿಕೊಟ್ಟಿದ್ದೇವೆ. ಈ ಸಜ್ಜನಿಕೆಯನ್ನು ಒಮ್ಮೆ ಒರೆಗೆ ಹಚ್ಚಿ ನೋಡಬೇಕು. ಒರೆಗಲ್ಲಾಗಿ 1936ರ ಅಕ್ಟೋಬರ್ 4ರ ಭಾನುವಾರವನ್ನು ತೆಗೆದುಕೊಳ್ಳೋಣ.

ಲಂಡನ್ನಿನ ಪೂರ್ವಭಾಗವಾದ ಈಸ್ಟ್ ಎಂಡ್ ಬಡವರ ಬೀಡು. ರಷ್ಯಾ, ಪೋಲೆಂಡುಗಳಿಂದ ಹಿಂಸೆಗೆ ಹೆದರಿ ಓಡಿಬಂದ ಯಹೂದಿಗಳು ಅಲ್ಲಿ ದರ್ಜಿ ಕೆಲಸ, ಸಣ್ಣ ವ್ಯಾಪಾರ ಮಾಡಿಕೊಂಡು ನೆಲೆಸಿದ್ದರು. 1932ರಲ್ಲಿ ಬ್ರಿಟಿಷ್ ಫ್ಯಾಸಿಸ್ಟ್ ಪಕ್ಷವನ್ನು ಕಟ್ಟಿದ ಓಸ್ವಾಲ್ಡ್ ಮೋಸ್ಲಿ, ಕರಿಯಂಗಿ ತೊಟ್ಟ ತನ್ನ ಅನುಯಾಯಿಗಳನ್ನು ಆ ಭಾನುವಾರ ಇದೇ ಓಣಿಗಳ ಮೂಲಕ ನಡೆಸುವುದಾಗಿ ಸಾರಿದ. ಜರ್ಮನಿಯಲ್ಲಿ ಹಿಟ್ಲರ್ ಅಧಿಕಾರಕ್ಕೆ ಬಂದು ಆಗಲೇ ಮೂರು ವರ್ಷ ಕಳೆದಿತ್ತು. ಕರಿಯಂಗಿಯ ಅರ್ಥ ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ನಿವಾಸಿಗಳು ಮೊದಲು ಕಾನೂನಿನ ಬಾಗಿಲನ್ನೇ ತಟ್ಟಿದರು. ಮೆರವಣಿಗೆಯನ್ನು ತಡೆಯಬೇಕೆಂದು ಸುಮಾರು ಒಂದು ಲಕ್ಷ ಸಹಿಗಳ ಮನವಿ ಸರಕಾರಕ್ಕೆ ಹೋಯಿತು. ಸರಕಾರ ಒಪ್ಪಲಿಲ್ಲ. ಯಹೂದಿ ಸಮಾಜದ ಮುಖಂಡರು, "ಯಾರೂ ಹೊರಗೆ ಬರಬೇಡಿ, ಗದ್ದಲವಾದರೆ ಕೆಟ್ಟ ಹೆಸರು ನಮಗೇ" ಎಂಬ ಅರ್ಥದಲ್ಲಿ ಬುದ್ಧಿ ಹೇಳಿದರು. ಲೇಬರ್ ಪಕ್ಷದ ಸಲಹೆಯೂ ದೂರವಿರಿ ಎಂಬುದೇ. ಕಮ್ಯುನಿಸ್ಟರು ಕೂಡ ಅದೇ ದಿನ ಬೇರೆಡೆ ಸ್ಪೇನಿನ ಪರವಾದ ಸಭೆ ಇಟ್ಟುಕೊಂಡಿದ್ದು, ಸ್ಥಳೀಯರ ಒತ್ತಾಯಕ್ಕೆ ಮಣಿದು ಕೊನೆಯ ಗಳಿಗೆಯಲ್ಲಿ ಮನಸ್ಸು ಬದಲಿಸಿದರು. ಅಂದರೆ ಪ್ರತಿಭಟನೆಗೆ ಮೊದಲ ವಿರೋಧ ಬಂದದ್ದು ಎದುರಾಳಿಯಿಂದಲ್ಲ, ಹಿತೈಷಿಗಳಿಂದ.

ಆ ಹಿರಿಯರನ್ನು ಹೇಡಿಗಳೆಂದು ಜರೆಯಲು ನಮಗೆ ಮನಸ್ಸಿಲ್ಲ. ಪರಸ್ಥಳದಲ್ಲಿ ಮಕ್ಕಳುಮರಿ ಕಟ್ಟಿಕೊಂಡು ಬಾಳುವವರ ಚಿಂತೆ ನಮಗೆ ತಿಳಿಯದ್ದೇನಲ್ಲ. ಆದರೆ ಜನ ಅವರ ಮಾತು ಕೇಳಲಿಲ್ಲ. ಲಕ್ಷಕ್ಕೂ ಹೆಚ್ಚು ಮಂದಿ ಬೀದಿಗಿಳಿದರೆಂದು ಅಂದಾಜು. ಮೋಸ್ಲಿಯ ಎರಡು ಮೂರು ಸಾವಿರ ಮಂದಿಗೆ ದಾರಿ ಮಾಡಿಕೊಡಲು ಆರು ಸಾವಿರಕ್ಕೂ ಹೆಚ್ಚು ಪೊಲೀಸರು ಬಂದಿದ್ದರು. ಒಬ್ಬ ಟ್ರಾಮ್ ಚಾಲಕ ತನ್ನ ಗಾಡಿಯನ್ನು ನಡುರಸ್ತೆಯಲ್ಲೇ ಬಿಟ್ಟು ನಡೆದ. ಕೇಬಲ್ ಸ್ಟ್ರೀಟಿನಲ್ಲಿ ಲಾರಿ ಉರುಳಿಸಿ ಅಡ್ಡಗಟ್ಟಿದರು. ಹುಡುಗರು ಕುದುರೆಗಳ ಕಾಲಡಿಗೆ ಗೋಲಿ ಚೆಲ್ಲಿದರು. ಹೆಂಗಸರು ಮಹಡಿಯ ಕಿಟಕಿಗಳಿಂದ ಕೈಗೆ ಸಿಕ್ಕಿದ್ದನ್ನು ಪೊಲೀಸರ ಮೇಲೆ ಎಸೆದರು. ಕೊನೆಗೆ ಪೊಲೀಸ್ ಕಮಿಷನರು ಮೋಸ್ಲಿಗೆ ಹಿಂದಿರುಗುವಂತೆ ಹೇಳಬೇಕಾಯಿತು. ಬಂಧಿತರಾದ ಸುಮಾರು 150 ಜನರಲ್ಲಿ ಹೆಚ್ಚಿನವರು ಮೋಸ್ಲಿಯನ್ನು ತಡೆಯಲು ಬಂದವರೇ.

ಇಲ್ಲಿ ಒಂದು ನ್ಯಾಯವಾದ ಪ್ರಶ್ನೆ ಏಳುತ್ತದೆ. ಮೋಸ್ಲಿಗೂ ನಡೆಯುವ ಹಕ್ಕಿಲ್ಲವೇ? ಇಂದು ಒಂದು ಗುಂಪು ಅವನ ದಾರಿ ಕಟ್ಟಿದರೆ ನಾಳೆ ಇನ್ನೊಂದು ಗುಂಪು ನಮ್ಮ ದಾರಿ ಕಟ್ಟೀತಲ್ಲ? ಇದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಆದರೆ ಎಲ್ಲ ಮೆರವಣಿಗೆಗಳೂ ಒಂದೇ ಮಾತನ್ನು ಆಡುವುದಿಲ್ಲ. ಕೂಲಿ ಹೆಚ್ಚಿಸಿ, ಕಾನೂನು ಬದಲಿಸಿ ಎನ್ನುವ ಮೆರವಣಿಗೆಗೆ ಉತ್ತರ ಕೊಡಬಹುದು. ಆಗುತ್ತದೆ ಎನ್ನಬಹುದು, ಆಗದು ಎನ್ನಬಹುದು. "ನೀನು ಇಲ್ಲಿ ಇರಬಾರದು" ಎಂದು ಒಬ್ಬನ ಮನೆಯ ಮುಂದೆ ಸಮವಸ್ತ್ರ ತೊಟ್ಟು ಹೆಜ್ಜೆ ಹಾಕುವ ಮೆರವಣಿಗೆಗೆ ಅವನು ಏನೆಂದು ಉತ್ತರ ಕೊಟ್ಟಾನು? ತಾನು ಹುಟ್ಟಿದ್ದನ್ನು ಹಿಂತೆಗೆದುಕೊಳ್ಳಲು ಬರುತ್ತದೆಯೇ? ಅಭಿಪ್ರಾಯಕ್ಕೂ ಬೆದರಿಕೆಗೂ ಇರುವ ಅಂತರ ಇದೇ ಎಂದು ನಮಗೆ ತೋರುತ್ತದೆ. ಇಬ್ಬರನ್ನೂ "ಗಲಾಟೆಯವರು" ಎಂಬ ಒಂದೇ ತಕ್ಕಡಿಯಲ್ಲಿ ತೂಗುವುದು ಮೇಲ್ನೋಟಕ್ಕೆ ನಿಷ್ಪಕ್ಷಪಾತದಂತೆ ಕಂಡರೂ, ತೂಕ ಬಲವಿದ್ದವನ ಕಡೆಗೇ ವಾಲುತ್ತದೆ.

ಹಾಗೆಂದು ಅಂದಿನ ಗೆಲುವನ್ನು ಹಿಗ್ಗಿಸಿ ಹೇಳುವುದೂ ತಪ್ಪು. ಮರುವಾರವೇ ಫ್ಯಾಸಿಸ್ಟ್ ಪುಂಡರು ಮೈಲ್ ಎಂಡ್ ರಸ್ತೆಯ ಯಹೂದಿ ಅಂಗಡಿಗಳ ಗಾಜು ಒಡೆದರು. ಮುಂದಿನ ವರ್ಷದ ನಗರ ಚುನಾವಣೆಯಲ್ಲಿ ಈಸ್ಟ್ ಎಂಡಿನ ಕೆಲವೆಡೆ ಅವರಿಗೆ ಸಾಕಷ್ಟು ಮತಗಳೂ ಬಿದ್ದವು, ಸ್ಥಾನ ಮಾತ್ರ ಸಿಗಲಿಲ್ಲ. ರಾಜಕೀಯ ಸಮವಸ್ತ್ರವನ್ನು ನಿಷೇಧಿಸಿದ 1936ರ ಕಾನೂನು ಪೊಲೀಸರಿಗೆ ಎಲ್ಲ ಮೆರವಣಿಗೆಗಳ ಮೇಲೂ ಹಿಡಿತ ಕೊಟ್ಟಿತು. ಬೀದಿಯ ಒಂದು ದಿನದಿಂದ ದ್ವೇಷ ಸಾಯುವುದಿಲ್ಲ. ಆದರೆ ದ್ವೇಷಕ್ಕೆ ಗುರಿಯಾದವರಿಗೆ ತಾವು ಒಂಟಿಯಲ್ಲ ಎಂದು ತಿಳಿಯುತ್ತದೆ. ಅದು ಸಣ್ಣ ಲಾಭವಲ್ಲ.

ಒಂಟಿಯಲ್ಲ ಎಂದೆವು. ಅಂದು ಯಹೂದಿಗಳ ಪಕ್ಕದಲ್ಲಿ ನಿಂತವರಲ್ಲಿ ಐರಿಷ್ ಮೂಲದ ಬಂದರು ಕಾರ್ಮಿಕರು ಬಹಳ ಮಂದಿ. ಮೋಸ್ಲಿಯ ಕಣ್ಣು ಅವರ ಮೇಲಿರಲಿಲ್ಲ. ಮತ ಬೇರೆ, ಮಾತಿನ ಧಾಟಿ ಬೇರೆ, ಹಳೆಯ ಮನಸ್ತಾಪಗಳೂ ಇದ್ದವು. ಆದರೆ 1912ರಲ್ಲಿ ಬಂದರಿನ ಮುಷ್ಕರ ನಡೆದು ಅವರ ಮನೆಗಳಲ್ಲಿ ಒಲೆ ಹೊತ್ತದಿದ್ದಾಗ, 300ಕ್ಕೂ ಹೆಚ್ಚು ಮಕ್ಕಳನ್ನು ಯಹೂದಿ ಕುಟುಂಬಗಳು ತಂದು ಸಾಕಿದ್ದವು. ಆ ಮನೆಗಳಲ್ಲಿಯೂ ಉಂಡು ಮಿಗುವಷ್ಟು ಇರಲಿಲ್ಲ. ಉಂಡ ಅನ್ನದ ಋಣವನ್ನು ಓಣಿಗಳು ಇಪ್ಪತ್ತನಾಲ್ಕು ವರ್ಷ ನೆನಪಿಟ್ಟುಕೊಂಡಿದ್ದವು.

ಇದೇ ಕತೆ ಮುಂದೆ ನಮ್ಮವರ ಬಾಗಿಲಿಗೂ ಬಂತು. 1979ರ ಏಪ್ರಿಲ್ 23ರಂದು, ಪಂಜಾಬಿಗಳು ಹೆಚ್ಚಾಗಿರುವ ಲಂಡನ್ನಿನ ಸೌಥಾಲಿನಲ್ಲಿ ವರ್ಣದ್ವೇಷಿ ನ್ಯಾಷನಲ್ ಫ್ರಂಟ್ ಪಕ್ಷ ಚುನಾವಣಾ ಸಭೆ ಇಟ್ಟಿತು. ವಿರೋಧಿಸಲು ಬಂದವರಲ್ಲಿ ನ್ಯೂಜಿಲೆಂಡಿನಿಂದ ಬಂದು ನೆಲೆಸಿದ್ದ ಬ್ಲೇರ್ ಪೀಚ್ ಎಂಬ ಬಿಳಿಯ ಶಾಲಾ ಮಾಸ್ತರರೂ ಇದ್ದರು. ತಲೆಗೆ ಬಿದ್ದ ಪೆಟ್ಟಿನಿಂದ ಅವರು ತೀರಿಕೊಂಡರು. ಪೆಟ್ಟು ಕೊಟ್ಟವನು ಬಹುಮಟ್ಟಿಗೆ ಪೊಲೀಸನೇ ಎಂಬ ಒಳತನಿಖೆಯ ವರದಿ ಹೊರಬಿದ್ದದ್ದು 2010ರಲ್ಲಿ. ಯಾರ ಮೇಲೂ ಮೊಕದ್ದಮೆ ನಡೆಯಲಿಲ್ಲ. ಆ ಮಾಸ್ತರರಿಗೂ ಅಂದು "ಬೇರೆ ಕೆಲಸ" ಇದ್ದೇ ಇತ್ತು.

1960ರ ದಶಕದ ಕೊನೆಯಲ್ಲಿ ಮುಂಬಯಿಯ ಬೀದಿಗಳಲ್ಲಿ ದಕ್ಷಿಣದವರು ಹೊರಡಲಿ ಎಂಬ ಕೂಗೆದ್ದಾಗ, ಉಡುಪಿ ಹೋಟೆಲುಗಳ ಮೇಲೆ ಕಲ್ಲು ಬಿದ್ದಾಗ, ಷಟರು ಎಳೆದು ಒಳಗೆ ಕುಳಿತ ನೆನಪು ನಮ್ಮ ಹಿರಿಯರಿಗಿದೆ. ಅಂದು ನಮ್ಮ ಪರವಾಗಿ ಯಾರಾದರೂ ಹೊರಗೆ ಬಂದು ನಿಂತಾರೇ ಎಂದು ಕಿವಿಗೊಟ್ಟು ಕೇಳಿದವರು ನಾವೇ. ಆ ಮೇಲೆ ಇದೇ ಊರಿನಲ್ಲಿ ಬೇರೆಯವರ ಷಟರುಗಳು ಕೆಳಗಿಳಿದಾಗ ನಾವು ಎಲ್ಲಿದ್ದೆವು? ಲೆಕ್ಕ ಕೇಳುವವರು ಯಾರೂ ಇಲ್ಲದಿರಬಹುದು. ಆದರೂ ಮುಂದಿನ ಸಲ ಮೋರ್ಚಾ ಎದುರಾದಾಗ, ಗಡಿಯಾರ ನೋಡುವ ಮೊದಲು ಆ ಫಲಕವನ್ನೊಮ್ಮೆ ಓದೋಣ. ಅವರು ಯಾರನ್ನೋ ಹೊರಡು ಎನ್ನುತ್ತಿದ್ದಾರೆಯೇ, ಇಲ್ಲವೇ ಹೊರಡು ಎನಿಸಿಕೊಂಡವರ ಜೊತೆ ನಿಂತಿದ್ದಾರೆಯೇ ಎಂಬಷ್ಟನ್ನಾದರೂ ತಿಳಿದುಕೊಳ್ಳುವುದು ನಮ್ಮ ಮೇಲಿರುವ ಋಣ.